ಹಿಸ್ಸಪ್ ಕಕ್ಕಡ ದಾಟಿತು

ಯುರೋಪಿನವರು ಕಷಾಯಕ್ಕೆ ಹಾಕುವ ಮೂಲಿಕೆ ಹಿಸ್ಸಪ್. ಕೊನೆಗೂ ಅದರ ನಾಲ್ಕು ಗಿಡ ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ದಾಟಿ ನಿಂತಿವೆ! ಇವತ್ತು ಬೆಳಿಗ್ಗೆ ಮೊದಲ ನೀಲಿ ಹೂ. ತೆನೆಯ ಒಂದೇ ಪಕ್ಕಕ್ಕೆ ಬಿಡುತ್ತದೆ ಅಂತ ಓದಿದ್ದೆ, ಹಾಗೇ ಬಿಟ್ಟಿದೆ.

ಬೀಜ ಹಾಕೋದು, ಸಸಿ ಮಾಡೋದು ನಿಮಗೆ ಗೊತ್ತೇ ಇದೆ. ನನ್ನ ತಲೆ ತಿಂದಿದ್ದು ಕೊಳೆ. ಎರಡು ವರ್ಷ ಜುಲೈಯಲ್ಲಿ ಒಂದೂ ಉಳಿಯಲಿಲ್ಲ. ಬೇರು ಕೊಳೆಯುತ್ತಿದೆ ಅಂದುಕೊಂಡು ಮರಳು ಜಾಸ್ತಿ ಮಾಡಿದೆ, ಕುಂಡದ ತೂತು ದೊಡ್ಡದು ಮಾಡಿದೆ. ಆದರೂ ಹೋದವು.

ಈ ಸಲ ಜೂನ್ ಕೊನೆಗೆ ಬಾಡಿದ ಒಂದು ಸಸಿಯನ್ನು ಕಿತ್ತು, ತೊಳೆದು ನೋಡಿದೆ. ಬೇರು ಬೆಳ್ಳಗೆ, ಗಟ್ಟಿಯಾಗಿತ್ತು. ಕಾಂಡ ಮಣ್ಣಿಗೆ ತಾಗುವ ಕಡೆ ಮಾತ್ರ ಸುತ್ತಲೂ ಕಪ್ಪು ಉಂಗುರ. ಉಗುರು ತಾಗಿಸಿದರೆ ಸಿಪ್ಪೆ ಜಾರಿ ಬಂತು. ಕಾಫಿ ಗಿಡಕ್ಕೆ ಹಾಕುವ ಹಾಗೆ ಇದರ ಬುಡಕ್ಕೂ ತರಗೆಲೆ ಹೊದಿಸಿದ್ದೆ. ಆ ಒದ್ದೆಯೇ ಬುಡವನ್ನು ತಿಂದದ್ದು. ಇದು ದಕ್ಷಿಣ ಯುರೋಪಿನ ಕಡೆಯ ಒಣ, ಸುಣ್ಣಕಲ್ಲಿನ ಜಾಗದ ಗಿಡ ಅಲ್ವಾ!

ತರಗೆಲೆ ತೆಗೆದು ಎರಡು ಬೆರಳು ದಪ್ಪ ಸಣ್ಣ ಜಲ್ಲಿ ಹಾಕಿದೆ. ನಮ್ಮ ಹುಳಿಮಣ್ಣಿಗೆ ತೋಟದ ಸುಣ್ಣ ಒಂದು ಹಿಡಿ. ಕುಂಡ ಜಗಲಿಯ ಮಾಡಿನ ಕೆಳಗೆ, ಇಟ್ಟಿಗೆ ಮೇಲೆ. ಒಂಬತ್ತರಲ್ಲಿ ನಾಲ್ಕು ಉಳಿದವು.

ಬೀಜ ಮಾರೋರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಮೊದಲು ತರಿಸಿದ ಪೊಟ್ಟಣದಿಂದ ಬಂದದ್ದು ಅಗಲ ಎಲೆ, ಗರಗಸದಂಥ ಅಂಚು, ತಿಕ್ಕಿದರೆ ಸೋಂಪಿನ ವಾಸನೆ. ಅದು ಅಮೆರಿಕದ ಅನೀಸ್ ಹಿಸ್ಸಪ್, ಬೇರೆಯೇ ಗಿಡ. ಇನ್ನೊಬ್ಬರು ವಾಟರ್ ಹಿಸ್ಸಪ್ ಕಳಿಸಿದರು. ಅದು ನಮ್ಮ ನೀರು ಬ್ರಾಹ್ಮಿ! ಕಷಾಯಕ್ಕೆ ಹಾಕುವ ಗಿಡದ ಹೆಸರಿನಲ್ಲಿ ಹೀಗೆ ಮಾಡಬಾರದು. ನಿಜವಾದದ್ದರ ಎಲೆ ಸಪೂರ, ಅಂಚು ನುಣುಪು, ವಾಸನೆಯಲ್ಲಿ ಪುದೀನದ ಜೊತೆ ಕರ್ಪೂರ.

ಪಕ್ಕದ ಮನೆ ಅತ್ತೆ ಹೂ ನೋಡಲು ಬಂದರು. "ಕೆಮ್ಮಿಗೆ ಒಳ್ಳೇದಂತಲ್ಲ, ಇದರ ಎಣ್ಣೆ ಸಿಗುತ್ತಂತೆ. ಮೊಮ್ಮಗನಿಗೆ ಎರಡು ಹನಿ ಕೊಡ್ಲಾ?" ಅಂದರು.

"ಬೇಡ ಅತ್ತೆ, ಎಣ್ಣೆ ಬೇಡವೇ ಬೇಡ" ಅಂದೆ.

ಯುರೋಪಿನಲ್ಲಿ ಕೆಮ್ಮು, ಕಫ, ಗಂಟಲು ನೋವಿಗೆ ಒಣ ಎಲೆ, ಹೂವಿನ ಕಷಾಯವನ್ನು ಜೇನು ಹಾಕಿ ಕುಡಿಯುವುದು ಹಳೆಯ ರೂಢಿ. ಅದು ಗುಣ ಮಾಡುತ್ತದೆ ಅನ್ನಲು ಪರೀಕ್ಷೆಯ ಪುರಾವೆ ಕಡಿಮೆ. ಆದರೆ ಎಣ್ಣೆಯ ಕಥೆಯೇ ಬೇರೆ. ಅದರಲ್ಲಿರುವ ಪಿನೋಕ್ಯಾಂಫೋನ್ ಅನ್ನೋ ರಾಸಾಯನಿಕ ಫಿಟ್ಸ್ ತರುತ್ತದೆ. ಕೆಲವೇ ದಿನ 2-3 ಹನಿ ಕೊಟ್ಟ ಮಗುವಿಗೆ ಫಿಟ್ಸ್ ಬಂದದ್ದು ದಾಖಲಾಗಿದೆ. ದೊಡ್ಡವರಿಗೆ 10ರಿಂದ 30 ಹನಿಗೇ ಬಂದಿದೆ. ಬಸುರಿಯರು, ಫಿಟ್ಸ್ ಇರುವವರು ಕಷಾಯವನ್ನೂ ಬಿಡಬೇಕು. ಮಕ್ಕಳಿಗೂ ಸುಮ್ನೆ ಕೊಡಬಾರದು. ಅತ್ತೆಗೆ ಮಗುವನ್ನು ಡಾಕ್ಟರಿಗೆ ತೋರಿಸಿ ಅಂದೆ, ತೋರಿಸಿದರು.

ಜಲ್ಲಿ ಮೊದಲೇ ಹಾಕಿದ್ದರೆ ಒಂಬತ್ತೂ ಉಳಿಯುತ್ತಿದ್ದವೋ ಏನೋ. ಮುಂದಿನ ವರ್ಷ ಫೆಬ್ರವರಿಯಲ್ಲೇ ಹಾಕಿ ನೋಡುತ್ತೇನೆ. ಅದರ ಪಕ್ಕದಲ್ಲೇ ಮದ್ದು ಸೊಪ್ಪಿನ ಕಡ್ಡಿ ನೆಡಬೇಕು, ಕೊಡಗಿನಲ್ಲಿ ಕಕ್ಕಡ 18ರಂದು ಪಾಯಸಕ್ಕೆ ಹಾಕುವ ಸೊಪ್ಪು ಅದು. ಆಗಸ್ಟ್ 3ಕ್ಕೆ, ಕಕ್ಕಡ 18ಕ್ಕೆ, ಬೇಲಿ ಬೇಲಿ ಹುಡುಕುವ ಬದಲು ನಮ್ಮ ಮನೆ ಗಿಡದಿಂದಲೇ ನೇರಳೆ ಬಣ್ಣದ ಪಾಯಸ ಮಾಡುವ ಆಸೆ. ಅದಕ್ಕೆ ನೆರಳು, ಒದ್ದೆ ಎರಡೂ ಇಷ್ಟ. ತೆಗೆದಿಟ್ಟ ತರಗೆಲೆಯೆಲ್ಲ ಅದರ ಬುಡಕ್ಕೆ.