ಮಂಚದ ನಡುವಿಗೊಂದು ಊರುಗೋಲು

ನಾವಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯ್ಟ್ ಹತ್ತಿರ. ಎರಡು ವರ್ಷದ ಹಿಂದೆ 24 ಅಡಿಯ ಒಂದು ಹಳೆಯ ಟ್ರಾವೆಲ್ ಟ್ರೇಲರ್ ಕೊಂಡೆವು. ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಎಳೆಯುವ ಪುಟ್ಟ ಮನೆ ಅಂದುಕೊಳ್ಳಿ. ಕಳೆದ ಸೆಪ್ಟೆಂಬರ್‌ನಲ್ಲಿ ಲಡಿಂಗ್ಟನ್ ಸ್ಟೇಟ್ ಪಾರ್ಕಿನಲ್ಲಿ ಮೂರು ರಾತ್ರಿ ಇದ್ದೆವು. ಒಂದು ಕಡೆ ಮಿಷಿಗನ್ ಸರೋವರ, ಇನ್ನೊಂದು ಕಡೆ ಹ್ಯಾಮ್ಲಿನ್ ಕೆರೆ. ಜಾಗದ ಬಗ್ಗೆ ತಕರಾರೇ ಇಲ್ಲ. ನಿದ್ದೆ ಮಾತ್ರ ಇಲ್ಲ. ಟ್ರೇಲರ್‌ನ ಮಂಚದಲ್ಲಿ ನಾನು ಆ ಅಂಚಿಗೆ, ಹೆಂಡತಿ ಈ ಅಂಚಿಗೆ ಮಲಗಿದರೂ ಬೆಳಗಾಗುವಷ್ಟರಲ್ಲಿ ಇಬ್ಬರೂ ನಡುವಿನ ಹಳ್ಳಕ್ಕೆ ಉರುಳಿರುತ್ತಿದ್ದೆವು. ಎದ್ದಾಗ ಸೊಂಟ ಹಿಡಿದಿರುತ್ತಿತ್ತು.

ಹಾಸಿಗೆ ಸರಿಯಿಲ್ಲ ಅಂತ ಅದರ ಮೇಲೆ ಹಾಸುವ 3 ಇಂಚಿನ ಫೋಮ್ ಪದರ, ಅಂದರೆ ಟಾಪರ್, ತಂದು ಹಾಸಿದೆ. ಅದೂ ಹಳ್ಳಕ್ಕೇ ಬಗ್ಗಿತು. ಮೆತ್ತನೆಯ ಹಳ್ಳ, ಅಷ್ಟೇ.

ಏಪ್ರಿಲ್ ಕೊನೆ ವಾರ

ಜೂನ್‌ನಲ್ಲಿ ಅಪ್ಪ ಅಮ್ಮ ಬರುತ್ತಾರೆ, ಟ್ರೇಲರ್‌ನಲ್ಲಿ ಆ ಮಂಚ ಅವರಿಗೇ. ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. ಧಾರವಾಡದ ಕಡೆಯ ಮನುಷ್ಯ, ಒಂದೇ ಮಾತಲ್ಲಿ ಹೇಳಿದರು: "ತಮ್ಮಾ, ಹೊರಸಿನ ಹಗ್ಗ ಸಡ್ಲಾದಂಗ ಆಗೇತಿ. ಹಾಸಿಗಿ ಬದಲಿ ಮಾಡಿದ್ರ ಏನಾಕ್ಕೇತಿ? ಹಗ್ಗ ಬಿಗಿ ಮಾಡು."

ಇದನ್ನು ಟಾಪರ್ ಕೊಳ್ಳುವ ಮೊದಲೇ ಕೇಳಬೇಕಿತ್ತು.

ಹಾಸಿಗೆ ಎತ್ತಿ ಗೋಡೆಗೆ ಒರಗಿಸಿದೆ. ಟ್ರೇಲರ್‌ನ ಕ್ವೀನ್ ಮಂಚ (ಇಬ್ಬರು ಮಲಗುವ ಅಳತೆಯದು) ಮನೆಯದಕ್ಕಿಂತ ಗಿಡ್ಡ. ನಮ್ಮದು 60 ಇಂಚು ಅಗಲ, 74 ಇಂಚು ಉದ್ದ. ಮನೆಯದು 80 ಇಂಚು. ಕೆಳಗೆ ಸಾಮಾನು ಇಡುವ ಡಬ್ಬಿ. ಅದರ ಮುಚ್ಚಳವೇ ಮಂಚದ ಹಲಗೆ. ಕಾಲಿನ ಕಡೆಯಿಂದ ಎತ್ತಿದರೆ ಎರಡು ಗ್ಯಾಸ್ ಸ್ಟ್ರಟ್ (ಗ್ಯಾಸ್ ತುಂಬಿದ ಊರುಗೊಳವೆ) ಅದನ್ನು ಹಿಡಿದು ನಿಲ್ಲಿಸುತ್ತವೆ, ಕಾರಿನ ಡಿಕ್ಕಿಯ ಹಾಗೆ.

ಹಲಗೆ ಬರೀ 3/8 ಇಂಚಿನ ಪ್ಲೈವುಡ್. 4 ಅಡಿ ಅಗಲದ ಶೀಟಿನಲ್ಲಿ ಈ ಅಳತೆ ಹುಟ್ಟುವುದಿಲ್ಲ, ಹಾಗಾಗಿ ಎರಡು ತುಂಡು ಸೇರಿಸಿದ್ದಾರೆ. ಜೋಡಣೆಯ ಕೆಳಗೆ ಒಂದು ಸಣಕಲು ರೀಪು, ಅದನ್ನು ಹಿಡಿದಿರುವುದು ಸ್ಟೇಪಲ್ ಪಿನ್ನು. ರಸ್ತೆಯ ಕುಲುಕಾಟಕ್ಕೆ ಅರ್ಧ ಪಿನ್ನುಗಳು ಕಿತ್ತು ಬಂದಿದ್ದವು. ಅಡ್ಡಡ್ಡ ಇನ್ನೂ ಮೂರು ರೀಪುಗಳಿದ್ದವು, ಎಲ್ಲವನ್ನೂ ಚಪ್ಪಟೆಯಾಗಿ ಮಲಗಿಸಿ ಹೊಡೆದಿದ್ದಾರೆ. ಗೋಡೆಯಿಂದ ಗೋಡೆಗೆ 60 ಇಂಚು, ನಡುವೆ ಒಂದು ಕಡ್ಡಿಯ ಆಸರೆಯೂ ಇಲ್ಲ.

ಅಂಚಿನಿಂದ ಅಂಚಿಗೆ ದಾರ ಬಿಗಿದು ನಡುವೆ ಅಳೆದೆ. ಖಾಲಿ ಇದ್ದಾಗಲೇ ಅರ್ಧ ಇಂಚು ತಗ್ಗು. ನಾನು ಕೂತಾಗ ಹೆಂಡತಿ ಅಳೆದಳು. ಒಂದೂಕಾಲು ಇಂಚು! (ಅಡಿ, ಇಂಚು ನೋಡಿ ನಗಬೇಡಿ. ನಮ್ಮೂರ ಬಡಗಿಗಳೂ ಇದರಲ್ಲೇ ಮಾತಾಡುತ್ತಾರೆ.)

ಮೇ ಮೊದಲ ವಾರ

3/4 ಇಂಚಿನ ಪ್ಲೈವುಡ್ ಹಾಕಿಬಿಟ್ಟರೆ ಆಯ್ತಲ್ಲ ಅಂತ ಮೊದಲು ಅನ್ನಿಸಿತು. ದಪ್ಪ ಎರಡರಷ್ಟಾದರೆ ಬಿಗಿ ಎಂಟರಷ್ಟಾಗುತ್ತದೆ, ಅದು ನಿಜ. ಆದರೆ 30 ಪೌಂಡ್‌ಗೂ ಜಾಸ್ತಿ ತೂಕ ಸೇರುತ್ತದೆ. ಸ್ಟ್ರಟ್ ಎತ್ತುವುದಿಲ್ಲ. ಮಂಚ ಇರುವುದು ಟ್ರೇಲರ್‌ನ ಮೂತಿಯಲ್ಲಿ, ಅಲ್ಲಿ ಹಾಕಿದ ತೂಕದಲ್ಲಿ ಹೆಚ್ಚಿನ ಪಾಲು ಟ್ರಕ್ಕಿನ ಕೊಂಡಿಯ ಮೇಲೆ ಕೂರುತ್ತದೆ. ಟ್ರೇಲರ್ ತೂಕದ ಶೇಕಡಾ 10ರಿಂದ 15 ಭಾಗ ಕೊಂಡಿಯ ಮೇಲಿರಬೇಕು ಅನ್ನುವುದು ಇಲ್ಲಿನ ಲೆಕ್ಕ. ನಮ್ಮದು ಆಗಲೇ ಮೇಲಿನ ಗೆರೆಯ ಹತ್ತಿರ ಇದೆ.

ಹಾಗಾಗಿ ಹಲಗೆ ಅದೇ ಇರಲಿ, ಆಸರೆ ಬದಲಿಸೋಣ ಅಂದುಕೊಂಡೆ. ಒಂದು ಸ್ಕೇಲನ್ನು ಮಲಗಿಸಿ ಒತ್ತಿ, ಬಗ್ಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿ, ಅಲ್ಲಾಡುವುದಿಲ್ಲ. ರೀಪುಗಳಿಗೂ ಅದೇ ಮಾತು. ಆರು ಹೊಸ ರೀಪು ತಂದೆ. ಅಂಗಡಿಯಲ್ಲಿ 1x3 ಅನ್ನುತ್ತಾರೆ, ಅಳೆದರೆ 3/4 ಇಂಚು ದಪ್ಪ, ಎರಡೂವರೆ ಇಂಚು ಅಗಲ. ಹೆಸರಿಗೂ ಅಳತೆಗೂ ಸಂಬಂಧವಿಲ್ಲದ ಅಮೆರಿಕದ ಮರದ ಅಂಗಡಿಗೆ ನಾನಿನ್ನೂ ಒಗ್ಗಿಲ್ಲ. ಹಳೆಯ ರೀಪು ಕಿತ್ತು, ಹೊಸದನ್ನು ನಿಲ್ಲಿಸಿ, ಅಂಟು ಹಚ್ಚಿ ಮೇಲಿನಿಂದ ಸ್ಕ್ರೂ ಬಿಗಿದೆ. ಮೊದಲು ಸಣ್ಣ ತೂತು ಕೊರೆದು ಆಮೇಲೆ ಸ್ಕ್ರೂ, ಇಲ್ಲದಿದ್ದರೆ ಪೈನ್ ಮರ ಸೀಳುತ್ತದೆ. ಒಂದು ಸೀಳಿದ ಮೇಲೇ ಬುದ್ಧಿ ಬಂದದ್ದು. ಪ್ಲೈವುಡ್ ಜೋಡಣೆಯ ಕೆಳಗೆ ಎರಡು ರೀಪು ಅಕ್ಕಪಕ್ಕ ಹಾಕಿದೆ.

ನಡುವಿಗೆ ಕಂಬ ಬೇಡ ಅನ್ನಿಸಿತು. ಇಬ್ಬರ ಭಾರ ಒಂದು ಕಾಲಿನ ಮೇಲೆ ಬಂದರೆ ಟ್ರೇಲರ್‌ನ ತೆಳು ನೆಲಕ್ಕೇ ಗುಂಡಿ ಬೀಳುತ್ತದೆ. ಅದರ ಬದಲು ಅರ್ಧ ಇಂಚಿನ ಪ್ಲೈವುಡ್‌ನಿಂದ ಒಂದು ಅಡ್ಡಗೋಡೆ ಮಾಡಿದೆ. ತಲೆಯಿಂದ ಕಾಲಿನವರೆಗೆ ಡಬ್ಬಿಯನ್ನು ಎರಡು ಭಾಗ ಮಾಡುತ್ತದೆ. ಬುಡದಲ್ಲಿ ಉದ್ದಕ್ಕೂ ಒಂದು ಪಟ್ಟಿ, ಭಾರ ಹರಡಲಿ ಅಂತ. ಸಾಮಾನು ಆಚೀಚೆ ದಾಟಿಸಲು ಎರಡು ಕಿಂಡಿ. ಈಗ ಪ್ರತಿ ರೀಪಿಗೂ ಆಸರೆಯಿಲ್ಲದ ಉದ್ದ 60 ಇಂಚಲ್ಲ, 30. ಉದ್ದ ಅರ್ಧವಾದರೆ, ಅದೇ ಭಾರ ನಡುವೆ ಕೂತರೂ ಬಾಗು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಇಡೀ ಕೆಲಸದ ಜೀವ ಇರುವುದು ಈ ಗೋಡೆಯಲ್ಲಿ.

ಜಂಭದಿಂದ ಮುಚ್ಚಳ ಇಳಿಸಿದೆ. ತಕ್ಕಡಿಯ ಹಾಗೆ ಆ ಕಡೆ ಈ ಕಡೆ ತೂಗಿತು. ಗೋಡೆ ಕಾಲಿಂಚು ಎತ್ತರವಾಗಿತ್ತು! ನಾನು ಅಳೆದದ್ದು ಒಂದೇ ಕಡೆ, ಟ್ರೇಲರ್‌ನ ನೆಲ ಸಮತಟ್ಟಾಗಿರುತ್ತದೆ ಅಂತ ನಂಬಿ. ಉಜ್ಜುಗೊರಡು ಹಿಡಿದು ಒಂದು ಸಂಜೆ ಪೂರ್ತಿ ಕೆರೆದೆ.

ಆಮೇಲೆ ಮತ್ತೆ ದಾರ. ಕೂತಾಗ ತಗ್ಗು 1/8 ಇಂಚು. ಸೇರಿದ ತೂಕ ಬಾತ್‌ರೂಮ್ ತಕ್ಕಡಿಯಲ್ಲಿ 19 ಪೌಂಡ್. ಟಾಪರ್ ತೆಗೆದು ನೆಲಮಾಳಿಗೆಗೆ ಎಸೆದೆ.

ಮೇ ಮೂರನೇ ವಾರ

ಚಳಿಯ ಬೆಳಗ್ಗೆ ಮುಚ್ಚಳ ಎತ್ತಿದರೆ ನಿಲ್ಲಲಿಲ್ಲ, ನಿಧಾನಕ್ಕೆ ತಲೆಯ ಮೇಲೇ ಇಳಿಯಿತು. ತೂಕ ಏರಿದ್ದು ಒಂದು ಕಾರಣ. ಚಳಿಗೆ ಒಳಗಿನ ಗ್ಯಾಸಿನ ಒತ್ತಡ ತಗ್ಗುವುದು ಇನ್ನೊಂದು. ಹಳೆಯ ಸ್ಟ್ರಟ್‌ಗಳ ಮೇಲೆ 200 ನ್ಯೂಟನ್ ಅಂತ ಇತ್ತು, ಅಂದರೆ ಒಂದೊಂದಕ್ಕೆ ಸುಮಾರು 45 ಪೌಂಡ್. ಅದೇ ಉದ್ದದ 300 ನ್ಯೂಟನ್‌ನವು ತಂದೆ. ಸ್ಟ್ರಟ್ ಸಿಕ್ಕಿಸುವ ಕೊಂಡಿಗಳನ್ನು ಸ್ಕ್ರೂ ಬದಲು ಆರಪಾರ ಬೋಲ್ಟ್ ಹಾಕಿ, ಹಿಂದೆ ಕಬ್ಬಿಣದ ಪಟ್ಟಿ ಕೊಟ್ಟು ಕೂರಿಸಿದೆ. ಈಗ ಉಲ್ಟಾ ಕಾಟ. ಮುಚ್ಚಳ ಜಿಗಿದು ಏಳುತ್ತದೆ, ಮುಚ್ಚಲು ಮೇಲೆ ಹತ್ತಿ ಕೂರಬೇಕು. ಪಯಣದಲ್ಲಿ ಹಾರದಿರಲಿ ಅಂತ ಒಂದು ಚಿಲಕ ಜಡಿದೆ.

ಇದರ ನಡುವೆ ತಲೆಯ ಕಡೆ ಹಲಗೆಯಲ್ಲಿ ಕಪ್ಪು ಬೂಷ್ಟು ಕಂಡಿತು. ಸೋರಿಕೆಯಲ್ಲ, ನಮ್ಮದೇ ಉಸಿರು, ಬೆವರು. ಬೆಚ್ಚಗಿನ ಹಾಸಿಗೆ, ತಣ್ಣನೆ ಹಲಗೆ; ನಡುವೆ ನೀರು ಕೂರುತ್ತದೆ. ಒರೆಸಿ ಒಣಗಿಸಿ, ರೀಪುಗಳ ನಡುವೆ ಒಂದೂವರೆ ಇಂಚಿನ ತೂತುಗಳನ್ನು ಕೊರೆದೆ. ಊರಾಗಿದ್ದರೆ ಒಂದು ತೆಂಗಿನ ನಾರಿನ ಹಾಸು ತರುತ್ತಿದ್ದೆ. ಇಲ್ಲಿ ಪ್ಲಾಸ್ಟಿಕ್ ಜಾಲರಿ ಹಾಸಿದೆ.

ಜೂನ್, ಮತ್ತೆ ಲಡಿಂಗ್ಟನ್

ಅಪ್ಪ ಅಮ್ಮ ಮಂಚದ ಮೇಲೆ, ನಾವು ಊಟದ ಮೇಜು ಮಡಚಿ ಮಾಡಿದ ಹಾಸಿಗೆಯ ಮೇಲೆ. ಬೆಳಗ್ಗೆ ಚಹಾ ಕೊಡುತ್ತಾ ಕೇಳಿದೆ, ಹೇಗಿತ್ತು ಅಂತ.

"ಹಗ್ಗ ಬಿಗಿ ಆಗೇತಿ," ಅಂದರು ಅಪ್ಪ. "ಜರಾ ಜಾಸ್ತಿನ ಬಿಗಿ. ನಿಮ್ಮವ್ವನ ಭುಜ ನೋಯಾಕತ್ತೇತಿ."

ಮನೆಗೆ ಬಂದು ನೆಲಮಾಳಿಗೆಯಿಂದ ಟಾಪರ್ ತಂದು ಹಾಸಿದೆ. ಮುಚ್ಚಳ ಎತ್ತಿ ನೋಡಿದೆ, ಜಿಗಿಯಲಿಲ್ಲ. ಒಂದೇ ಕೈಯಲ್ಲಿ ಒತ್ತಿದರೆ ಮುಚ್ಚಿಕೊಂಡಿತು.