ಕೂರ್ಮಗಡದಲ್ಲಿ ಅರ್ಧ ದಿನ

ಶಿರಸಿಯಿಂದ ಬೆಳಗಿನ ನಾಲ್ಕು ಗಂಟೆಗೆ ಹೊರಟಾಗ ಮೈಮೇಲೆ ಸ್ವೆಟರ್ ಇತ್ತು. ದೇವಿಮನೆ ಘಟ್ಟ ಇಳಿದು ಕುಮಟಾ ತಲುಪುವಷ್ಟರಲ್ಲಿ ಅದು ಕಾರಿನ ಹಿಂದಿನ ಸೀಟಿಗೆ ಹೋಯಿತು. ಮೂವತ್ತು ವರ್ಷ ಭೂಗೋಳದ ಪಾಠ ಮಾಡಿದವನು ನಾನು. ಕಡಲಿನ ಬಳಿ ಚಳಿಯೂ ಸೆಕೆಯೂ ಮಿತಿಯಲ್ಲಿರುತ್ತವೆ ಎಂದು ಪ್ರತಿವರ್ಷ ಕಪ್ಪು ಹಲಗೆಯ ಮೇಲೆ ಬರೆದಿದ್ದರೂ, ಒಂದೇ ಮುಂಜಾವಿನಲ್ಲಿ ಅದನ್ನು ಮೈಮೇಲೆ ಅನುಭವಿಸುವಂತೆ ಪ್ರಯಾಣ ಹೊಂದಿಸಿಕೊಂಡದ್ದು ನಿವೃತ್ತಿಯ ನಂತರವೇ.

ಕಾರವಾರದ ಕೋಡಿಬಾಗದಲ್ಲಿ ದೋಣಿ ಕಾದಿತ್ತು. ಪುಷ್ಯ ಹುಣ್ಣಿಮೆಯ ನರಸಿಂಹ ಜಾತ್ರೆ ಮುಗಿದು ವಾರವಾಗಿದ್ದುದರಿಂದ ಕೂರ್ಮಗಡ ದ್ವೀಪಕ್ಕೆ ಹೋಗುವವರು ನಾವಿಬ್ಬರೇ, ನಾನು ಮತ್ತು ಕಾರವಾರದ ನನ್ನ ಹಳೆಯ ಸಹೋದ್ಯೋಗಿ. ದೋಣಿ ನಡೆಸುವ ತಾಂಡೇಲರು ಲಂಗರು ಎತ್ತುವ ಮೊದಲೇ ಕರಾರು ಹಾಕಿದರು: "ಹನ್ನೊಂದೂವರೆಗೆ ಅಲ್ಲಿಂದ ಹೊರಡಬೇಕು ಮಾಸ್ತರೇ. ಆಮೇಲೆ ಗಾಳಿ ತಿರುಗುತ್ತದೆ."

ಬೆಳಗಿನ ಗಾಳಿ ನಮ್ಮ ಬೆನ್ನಿಗಿತ್ತು. ರಾತ್ರಿಯಿಡೀ ತಣಿದ ನೆಲದ ಮೇಲಿನ ಗಾಳಿ ಕಾಳಿ ನದಿಯ ಕಣಿವೆಯುದ್ದಕ್ಕೂ ಹರಿದು ಅಳಿವೆಯಲ್ಲಿ ಕಡಲಿಗೆ ಇಳಿಯುತ್ತದೆ. ಹಾಯಿ ದೋಣಿಗಳ ಕಾಲದಲ್ಲಿ ಮೀನುಗಾರರು ನಸುಕಿನಲ್ಲಿ ಹೊರಟು ಮಧ್ಯಾಹ್ನ ಮರಳುತ್ತಿದ್ದುದು ಈ ಗಾಳಿಯನ್ನು ನಂಬಿಯೇ. ನೀರು ಎಣ್ಣೆ ಸುರಿದಂತೆ ನಯವಾಗಿತ್ತು. ದೂರದಲ್ಲಿ ದೇವಗಡದ ದೀಪಸ್ತಂಭ, ಅದರ ತೆಂಕಣಕ್ಕೆ ನೌಕಾಪಡೆಯ ವಶದಲ್ಲಿರುವ ಅಂಜದೀವ, ಹತ್ತಿರದಲ್ಲಿ ಆಮೆ ಮಲಗಿದಂತೆ ಕಾಣುವ ಕೂರ್ಮಗಡ.

ದಂಡೆಯಲ್ಲಿ ಜಾತ್ರೆಯ ಬಾಳೆಗೊನೆಗಳ ಒಣಗಿದ ದಿಂಡುಗಳು ಇನ್ನೂ ಬಿದ್ದಿದ್ದವು. ದೇವರಿಗೆ ಕೈಮುಗಿದು ನೆತ್ತಿಗೆ ಹತ್ತಿದೆವು. ಹುಲ್ಲು ಜನವರಿಗೇ ಹಳದಿಯಾಗಿತ್ತು, ಬಂಡೆಗಳು ಬಿಸಿಲಿಗೆ ಕಾದಿದ್ದವು, ಸುತ್ತಲೂ ಕಣ್ಣು ಹಾಯುವಷ್ಟು ದೂರ ನೀರು. ಇಷ್ಟು ನೀರಿನ ನಡುವೆ ಇಷ್ಟು ಒಣ ನೆಲವೇ ಎಂದು ಸಹೋದ್ಯೋಗಿ ಆಶ್ಚರ್ಯಪಟ್ಟರು. ನಾನು ಇಲ್ಲಿಯವರೆಗೆ ಬಂದದ್ದೇ ಆ ಪ್ರಶ್ನೆಗಾಗಿ.

ನಮ್ಮ ಕಡೆ ಮಳೆ ಕಡಲಿನಿಂದ ಬರುತ್ತದೆ ಎನ್ನುತ್ತೇವೆ. ಅದು ಅರ್ಧ ಮಾತ್ರ ನಿಜ. ಕಡಲು ಕೊಡುವುದು ಆವಿಯನ್ನು. ಅದನ್ನು ಮಳೆಯಾಗಿಸಲು ಗಾಳಿ ಮೇಲೇರಲೇಬೇಕು, ಏರಿಸುವವರು ಯಾರಾದರೂ ಇರಬೇಕು. ಜೂನ್‌ನಲ್ಲಿ ಸೊಮಾಲಿಯಾದ ತೀರದಿಂದ ಅರಬ್ಬೀ ಸಮುದ್ರದ ಮೇಲೆ ರಭಸದಿಂದ ಬೀಸಿ ಬರುವ ನೈಋತ್ಯ ಮಾರುತವು ಮೊದಲು ಹಾದುಹೋಗುವ ನೆಲಗಳಲ್ಲಿ ಲಕ್ಷದ್ವೀಪವೂ ಒಂದು. ಆ ಹವಳದ ದ್ವೀಪಗಳು ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದವು, ತೆಂಗಿನ ಮರವೇ ಅಲ್ಲಿಯ ಶಿಖರ. ತೇವ ತುಂಬಿದ ಗಾಳಿ ಅವುಗಳನ್ನು ಗಮನಿಸದೆಯೇ ದಾಟಿಬಿಡುತ್ತದೆ. ಹಾಗಾಗಿ ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,600 ಮಿ.ಮೀ. ಅದೇ ಗಾಳಿ ಕಾರವಾರದಲ್ಲಿ 3,000 ಮಿ.ಮೀ.ಗೂ ಹೆಚ್ಚು, ಆಗುಂಬೆಯಂಥ ಘಟ್ಟದ ಅಂಚಿನಲ್ಲಿ 7,000 ಮಿ.ಮೀ. ದಾಟಿಸಿ ಸುರಿಸುತ್ತದೆ, ಘಟ್ಟ ಇಳಿದು ಹುಬ್ಬಳ್ಳಿ ಸೇರುವಾಗ ಅದರ ಕೈ ಬರಿದಾಗಿರುತ್ತದೆ.

ಎತ್ತರವಿರುವ ದ್ವೀಪದ ಪಾಡೇ ಬೇರೆ. ಹಿಂದೂ ಮಹಾಸಾಗರದ ತೆಂಕಣ ಭಾಗದಲ್ಲಿರುವ ರಿಯೂನಿಯನ್ ದ್ವೀಪದ ಜ್ವಾಲಾಮುಖಿ ಪರ್ವತ 3,000 ಮೀಟರ್‌ಗಿಂತ ಎತ್ತರವಿದೆ. 1966ರ ಜನವರಿಯಲ್ಲಿ ಚಂಡಮಾರುತವೊಂದು ಅದಕ್ಕೆ ಬಡಿದಾಗ ಫೋಕ್‌ ಫೋಕ್ ಎಂಬಲ್ಲಿ 24 ಗಂಟೆಗಳಲ್ಲಿ 1,825 ಮಿ.ಮೀ. ಮಳೆಯಾಯಿತು. ಲಕ್ಷದ್ವೀಪದ ಇಡೀ ವರ್ಷದ ಮಳೆಗಿಂತ ಅದು ಹೆಚ್ಚು, ಒಂದೇ ದಿನದಲ್ಲಿ.

ಹಾಗಾದರೆ ಕೂರ್ಮಗಡ ಲಕ್ಷದ್ವೀಪದ ಸಾಲಿಗೆ ಸೇರಬೇಕಲ್ಲವೇ ಎಂದು ಸಹೋದ್ಯೋಗಿ ಕೇಳಿದರು. ಸೇರುವುದಿಲ್ಲ. ಘಟ್ಟದ ಪ್ರಭಾವ ಘಟ್ಟದ ಬುಡದಲ್ಲಿ ಆರಂಭವಾಗುವುದಿಲ್ಲ. ಗೋಡೆ ಎದುರಾದಾಗ ಗಾಳಿ ಕಡಲಿನ ಮೇಲಿರುವಾಗಲೇ ನಿಧಾನವಾಗುತ್ತದೆ, ಹಿಂದಿನಿಂದ ಬರುವ ಗಾಳಿ ಅದರ ಮೇಲೆ ಒತ್ತುತ್ತದೆ, ತೀರದಿಂದ ಹತ್ತಾರು ಕಿಲೋಮೀಟರ್ ಆಚೆಯೇ ಮೋಡ ಏಳತೊಡಗುತ್ತದೆ. ಇದರ ಜೊತೆಗೆ ಕೇರಳದಿಂದ ಗುಜರಾತಿನವರೆಗೆ ತೀರಕ್ಕೆ ಸಮಾನಾಂತರವಾಗಿ ಕಡಿಮೆ ಒತ್ತಡದ ಪಟ್ಟಿಯೊಂದು ಆಗಾಗ ರೂಪುಗೊಂಡರಂತೂ ನಮ್ಮ ಜಿಲ್ಲೆಯ ಶಾಲೆಗಳಿಗೆ ರಜೆ ಖಚಿತ. ಕಡಲು ಕತ್ತರಿಸಿಟ್ಟ ತೀರದ ಗುಡ್ಡಗಳೇ ಆಗಿರುವ ಈ ದ್ವೀಪಗಳು, ಆದ್ದರಿಂದ, ನೆಲದಿಂದ ಬೇರೆಯಾದರೂ ಘಟ್ಟದ ಮಳೆಯ ಪಾಲುದಾರರೇ. ಜನವರಿಯಲ್ಲಿ ಗಾಳಿ ಈಶಾನ್ಯದಿಂದ, ಬಯಲುಸೀಮೆಯ ಒಣ ನೆಲದ ಮೇಲಿನಿಂದ ಬರುವುದರಿಂದ ಹುಲ್ಲು ಹಳದಿ.

ಕೆಳಗಿಳಿದು ಅವಲಕ್ಕಿ ತಿನ್ನುತ್ತಿರುವಾಗ ಮಾತು ಚಂಡಮಾರುತದ ಕಡೆಗೆ ಹೊರಳಿತು. 2019ರ ಅಕ್ಟೋಬರ್ ಕೊನೆಯಲ್ಲಿ 'ಕ್ಯಾರ್' ಎದ್ದಾಗ ಎಲ್ಲೆಲ್ಲಿಯ ದೋಣಿಗಳೋ ಆಸರೆಗೆ ಕಾರವಾರದ ಬಂದರಿಗೆ ನುಗ್ಗಿದ್ದನ್ನು ತಾಂಡೇಲರು ಬಣ್ಣಿಸಿದರು. ಗುಡ್ಡ ಮತ್ತು ದ್ವೀಪಗಳ ಮರೆಯಲ್ಲಿರುವ ಈ ಕೊಲ್ಲಿಗೆ ಅಂಥ ಹೊತ್ತಿನಲ್ಲೇ ಬೆಲೆ ಬರುವುದು. 'ಕ್ಯಾರ್' 2007ರ 'ಗೋನು'ವಿನ ನಂತರ ಅರಬ್ಬೀ ಸಮುದ್ರದಲ್ಲಿ ಎದ್ದ ಮೊದಲ ಸೂಪರ್ ಚಂಡಮಾರುತ. ಅದು ಇಳಿಯುವ ಮೊದಲೇ ಲಕ್ಷದ್ವೀಪದ ಬಳಿ 'ಮಹಾ' ಹುಟ್ಟಿತು. ಆ ವರ್ಷ ಹಿಂದೂ ಮಹಾಸಾಗರದ ಪಡುವಣ ಭಾಗ ಮಾಮೂಲಿಗಿಂತ ಬಿಸಿಯಾಗಿ ಮೂಡಣ ಭಾಗ ತಣ್ಣಗಿತ್ತು ಎಂಬುದನ್ನು ನೆನೆದರೆ ಒಂದರ ಹಿಂದೆ ಒಂದು ಬಂದದ್ದು ಅಷ್ಟೇನೂ ವಿಚಿತ್ರವಲ್ಲ.

"ನಡು ಮಳೆಗಾಲದಲ್ಲಿ ಇಷ್ಟು ಗಾಳಿ ಇದ್ದರೂ ತೂಫಾನು ಏಕೆ ಬರುವುದಿಲ್ಲ?" ಎಂದು ತಾಂಡೇಲರು ಕೇಳಿದ್ದು ನನ್ನ ಸೇವಾವಧಿಯಲ್ಲಿ ಯಾವ ವಿದ್ಯಾರ್ಥಿಯೂ ಕೇಳದ ಪ್ರಶ್ನೆ. ಚಂಡಮಾರುತಕ್ಕೆ ಸುಮಾರು 26.5 ಡಿಗ್ರಿಗಿಂತ ಬಿಸಿಯಾದ ನೀರು ಬೇಕು, ಗಾಳಿಯನ್ನು ಸುತ್ತಿಸಲು ಭೂಮಧ್ಯರೇಖೆಯಿಂದ ಒಂದಿಷ್ಟು ದೂರವೂ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಕೆಳಗಿನ ಗಾಳಿಯೂ ಮೇಲಿನ ಗಾಳಿಯೂ ಒಂದಕ್ಕೊಂದು ಹೊಂದಿಕೊಂಡಿರಬೇಕು. ಜುಲೈ, ಆಗಸ್ಟ್‌ಗಳಲ್ಲಿ ಕೆಳಗೆ ಪಡುವಣ ಗಾಳಿ, ಬಹಳ ಎತ್ತರದಲ್ಲಿ ಮೂಡಣ ಗಾಳಿ. ಸುಳಿ ಕಟ್ಟುವ ಮೊದಲೇ ಅದರ ತಲೆ ಒಂದು ಕಡೆ, ಬುಡ ಒಂದು ಕಡೆ ಆಗುತ್ತದೆ. ಆದ್ದರಿಂದ ಮಳೆಗಾಲದ ಹಿಂದೆ ಮುಂದೆ, ಅಂದರೆ ಮೇ, ಜೂನ್ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಭಯ. 2021ರ ಮೇ ತಿಂಗಳ 'ತೌಕ್ತೆ' ಲಕ್ಷದ್ವೀಪದ ಬಳಿ ಹುಟ್ಟಿ ನಮ್ಮ ತೀರಕ್ಕೆ ಸಮಾನಾಂತರವಾಗಿ ಏರಿ ಗುಜರಾತಿಗೆ ಅಪ್ಪಳಿಸಿತು. ತಾಂಡೇಲರು ತಲೆದೂಗಿದರು, ಒಪ್ಪಿದರೋ ಸಹಿಸಿಕೊಂಡರೋ ತಿಳಿಯಲಿಲ್ಲ.

ಪಾಠದ ಭರದಲ್ಲಿ ಗಂಟೆ ಹನ್ನೆರಡು ದಾಟಿತು. ತಪ್ಪು ಸಂಪೂರ್ಣ ನನ್ನದೇ. ದೋಣಿ ಹತ್ತುವಾಗ ಕೆನ್ನೆಗೆ ವಾಯವ್ಯದಿಂದ ತಂಪು ತಾಗಿತು. ಅಷ್ಟರಲ್ಲಿ ಕಾದ ನೆಲ ಕಡಲಿನ ಗಾಳಿಯನ್ನು ಎಳೆದುಕೊಳ್ಳತೊಡಗಿತ್ತು. ಶ್ರೀಲಂಕೆಯಷ್ಟು ದೊಡ್ಡ ದ್ವೀಪವಾದರೆ ತನ್ನದೇ ಕಡಲ ಗಾಳಿಯನ್ನು ಕರೆಸಿಕೊಂಡು ಮಧ್ಯಾಹ್ನ ತನ್ನ ತಲೆಯ ಮೇಲೆ ಮೋಡ ಕಟ್ಟಿಕೊಳ್ಳುತ್ತದೆ. ಕೂರ್ಮಗಡ ಬೀಸುವ ಗಾಳಿಯ ದಾರಿಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಅಳಿವೆಯ ಬಳಿ ಹೊರಹರಿಯುವ ಇಳಿತದ ನೀರಿಗೆ ಒಳಬರುವ ಗಾಳಿ ಎದುರಾಗಿ ಅಲೆಗಳು ಗಿಡ್ಡವಾಗಿ, ಕಡಿದಾಗಿ ಎದ್ದವು. ಸೊಂಟದವರೆಗೆ ನೆನೆದು, ಉಳಿದ ಅವಲಕ್ಕಿಯನ್ನು ಕಡಲಿಗೆ ಅರ್ಪಿಸಿ, ಅಂತೂ ದಡ ಸೇರಿದೆವು.

ಹಣ ಎಣಿಸಿ ಕೊಡುವಾಗ ಮುಂದಿನ ಸಲ ಜುಲೈಯಲ್ಲಿ ಬಂದು ಇಲ್ಲಿಯ ಮಳೆ ನೋಡಬೇಕೆಂದೆ. ತಾಂಡೇಲರು ನನ್ನ ಒದ್ದೆ ಪಂಚೆ ನೋಡಿ, "ಆಗ ನಿಮ್ಮ ಶಿರಸಿಯಲ್ಲೇ ಇರಿ ಮಾಸ್ತರೇ, ಇಲ್ಲಿಯ ಮೋಡ ಅಲ್ಲಿಗೇ ಬರುತ್ತದೆ" ಎಂದರು.