ಜ್ವರ ಯಾವುದು ಅಂತ ಗೊತ್ತಾಗ್ಬೇಕಲ್ಲ

ಮಳೆ ಹಿಡೀತು ಅಂದ್ರೆ ನಮ್ಮ ಕೊಡಗಲ್ಲಿ ಜ್ವರ ಶುರು. ಡೆಂಗ್ಯೂ ಇರ್ಬಹುದು, ಇಲಿ ಜ್ವರ ಇರ್ಬಹುದು, ಟೈಫಾಯ್ಡ್, ಸ್ಕ್ರಬ್ ಟೈಫಸ್ ಏನ್ ಬೇಕಾದ್ರೂ ಇರ್ಬಹುದು, ಮೊದಲ ಎರಡ್ಮೂರು ದಿನ ಎಲ್ಲಾದ್ರಲ್ಲೂ ಅದೇ ಚಳಿ ಅದೇ ತಲೆನೋವು ಅದೇ ಮೈಕೈ ನೋವು. ನಾಟಿಗೆ ಗದ್ದೆ ಕೆಸರಿಗೆ ಇಳಿದಿದ್ರಾ, ತೋಟದಲ್ಲಿ ಕೆಲಸ ಮಾಡ್ತಾರಾ ಅಂತೆಲ್ಲ ಕೇಳಿ ಡಾಕ್ಟ್ರು ಒಂದು ಅಂದಾಜಿಗೆ ಬರ್ತಾರೆ, ಖಚಿತ ಮಾಡಿ ಹೇಳ್ಬೇಕಾದವರು ಲ್ಯಾಬ್‌ನವರು. ನಾನು ಸಣ್ಣ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್, ಅದಕ್ಕೇ ಇದನ್ನ ಬರೀಲೇಬೇಕು ಅನ್ನಿಸ್ತು.

ಲ್ಯಾಬ್ ಬಲಪಡಿಸ್ತೀವಿ ಅಂದಾಗೆಲ್ಲ ಮಾತು ಮಷಿನ್‌ಗೇ ಬಂದು ನಿಲ್ಲುತ್ತೆ. ಮಷಿನ್ ಬೇಕು, ಖಂಡಿತ ಬೇಕು. ಆದ್ರೆ ರಕ್ತ ತೆಗೆದಾಗಿಂದ ರಿಪೋರ್ಟ್ ಡಾಕ್ಟ್ರ ಟೇಬಲ್ ಮೇಲೆ ಬರೋ ತನಕ ಇರೋ ದಾರಿ ಯಾರ ಕಣ್ಣಿಗೂ ಬೀಳಲ್ಲ. ಡೆಂಗ್ಯೂನೇ ತಗೊಳ್ಳಿ, ವೈರಸ್‌ನ ಪ್ರೋಟೀನ್ ಹುಡುಕೋ ಎನ್‌ಎಸ್-1 ಟೆಸ್ಟ್ ಕೆಲಸಕ್ಕೆ ಬರೋದು ಹೆಚ್ಚುಕಮ್ಮಿ ಮೊದಲ 5 ದಿನ, ಆಮೇಲೆ ಮೈಯಲ್ಲಿ ಹುಟ್ಟೋ ಪ್ರತಿಕಾಯ ಹುಡುಕೋ ಐಜಿಎಂ ಎಲೈಸಾ ಟೆಸ್ಟ್ ನೋಡ್ಬೇಕು. ಅಂದ್ರೆ ಫಾರಂನಲ್ಲಿ ಜ್ವರ ಯಾವತ್ತು ಶುರುವಾಯ್ತು ಅಂತ ಬರೆದಿರ್ಲೇಬೇಕು, ಎಷ್ಟೋ ಸಲ ಆ ಜಾಗ ಖಾಲಿ ಇರುತ್ತೆ, ತಪ್ಪು ದಿನಕ್ಕೆ ತಪ್ಪು ಟೆಸ್ಟ್ ಮಾಡಿ ನೆಗೆಟಿವ್ ಬಂದ್ರೆ ಮನೆಯವರು ಡೆಂಗ್ಯೂ ಇಲ್ಲ ಅಂತ ನಿಶ್ಚಿಂತೆಯಿಂದ ಹೋಗ್ಬಿಡ್ತಾರೆ. ಟೈಫಾಯ್ಡ್‌ದೂ ಹಾಗೇ. ಎಲ್ಲರೂ ವಿಡಾಲ್ ಕೇಳ್ತಾರೆ, 1896ರ ಟೆಸ್ಟ್ ಅದು, ಒಂದೇ ಒಂದು ಸಲ ಮಾಡಿ ನಂಬೋ ಹಾಗಿಲ್ಲ. ಮಾಡ್ಬೇಕಾದ್ದು ಬ್ಲಡ್ ಕಲ್ಚರ್, ಅಂದ್ರೆ ರಕ್ತದಲ್ಲಿರೋ ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸಿ ನೋಡೋದು, ಅದೂ ಆಂಟಿಬಯೋಟಿಕ್ ಶುರು ಮಾಡೋಕೆ ಮೊದಲು. ನಮ್ಮ ಹತ್ರ ಬರೋ ಹೊತ್ತಿಗೆ ಮೆಡಿಕಲ್ ಶಾಪ್ ಮಾತ್ರೆ ಹೊಟ್ಟೆ ಸೇರಿರುತ್ತೆ.

ಆಮೇಲೆ ನಮ್ಮ ರಸ್ತೆ, ನಮ್ಮ ಕರೆಂಟ್. ಘಟ್ಟದ ತಿರುವಲ್ಲಿ ಕುಲುಕಿಕೊಂಡು ಹೋದ ರಕ್ತದಲ್ಲಿ ಕಣಗಳು ಒಡೆದು ಎಷ್ಟೋ ಟೆಸ್ಟ್‌ಗೆ ಅದು ಪ್ರಯೋಜನಕ್ಕೆ ಬರಲ್ಲ, ರಕ್ತದ ತಿಳಿ ಭಾಗ ಸೀರಂ ಬೇರೆ ಮಾಡಿ ಐಸ್ ಪ್ಯಾಕ್ ಇಟ್ಟು 2ರಿಂದ 8 ಡಿಗ್ರಿಯಲ್ಲಿ ಕಳಿಸ್ಬೇಕು, ಕಳಿಸೋಕೆ ಗಾಡಿ ಬೇಕು. ಉಗಾಂಡಾದಲ್ಲಿ ಇದಕ್ಕೆ ಅಂತಾನೇ ಬೈಕ್ ಸವಾರರನ್ನ ಇಟ್ಟು ಹಳ್ಳಿ ಆಸ್ಪತ್ರೆಗಳಿಂದ ಸ್ಯಾಂಪಲ್ ತರಿಸ್ತಾರೆ, ನಮಗೂ ಅಂಥದ್ದೇ ಬೇಕು. ಕಕ್ಕಡದಲ್ಲಿ, ಅಂದ್ರೆ ಜುಲೈ-ಆಗಸ್ಟ್‌ನ ಜೋರು ಮಳೆ ತಿಂಗಳಲ್ಲಿ, ಕರೆಂಟ್ ದಿನಗಟ್ಟಲೆ ಹೋದ್ರೆ ಫ್ರಿಜ್‌ನಲ್ಲಿರೋ ಕಿಟ್‌ಗಳ ಗತಿ ನೀವೇ ಯೋಚಿಸಿ. ಟಿಬಿ ಪತ್ತೆಗೆ ಬಂದಿರೋ ಟ್ರೂನ್ಯಾಟ್ ಮಷಿನ್ ನಂಗೆ ಇಷ್ಟ ಆಗೋದು ಇದಕ್ಕೇ, ಗೋವಾದ ಕಂಪನಿ ಮಾಡಿದ್ದು, ಬ್ಯಾಟರಿ ಮೇಲೂ ಓಡುತ್ತೆ.

ಲ್ಯಾಬ್ ಹತ್ತಿರ ಇದ್ರೆ ಏನಾಗುತ್ತೆ ಅನ್ನೋದಕ್ಕೆ ಬಾವಲಿಯಿಂದ ಬರೋ ನಿಪಾ ವೈರಸ್ ಕಥೆ ಸಾಕು. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ ಜನ ಸತ್ತಾಗ ಕಾಯಿಲೆ ಯಾವುದು ಅಂತಾನೇ ಗೊತ್ತಾಗ್ಲಿಲ್ಲ, ಎತ್ತಿಟ್ಟಿದ್ದ ಸ್ಯಾಂಪಲ್‌ಗಳನ್ನ ವರ್ಷಗಳಾದ್ಮೇಲೆ ಟೆಸ್ಟ್ ಮಾಡಿದಾಗ ನಿಪಾ ಅಂತ ತಿಳೀತು. 2018ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಕೇರಳದ ಕೋಯಿಕ್ಕೋಡ್‌ನಲ್ಲಿ ಬಂದಾಗ ಸ್ಯಾಂಪಲ್ ಮಣಿಪಾಲದ ವೈರಸ್ ಲ್ಯಾಬ್‌ಗೆ ಹೋಯ್ತು, ಒಂದೇ ಮನೆಯ ಎರಡನೇ ರೋಗಿ ಆಸ್ಪತ್ರೇಲಿದ್ದಾಗಲೇ ವೈರಸ್ ಸಿಕ್ತು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಎನ್‌ಐವಿ ಕೂಡ ಖಚಿತ ಮಾಡ್ತು, ಸಂಪರ್ಕಕ್ಕೆ ಬಂದವರನ್ನೆಲ್ಲ ಹುಡುಕಿ ತಡೆಯೋಕಾಯ್ತು. ಅದೇ ವೈರಸ್, ಅದೇ ದೇಶ.

2021ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಕಮಿಷನ್ ಪ್ರಪಂಚದ 47% ಜನಕ್ಕೆ ಟೆಸ್ಟ್ ಸೌಲಭ್ಯ ಇಲ್ಲ ಅಥವಾ ಇದ್ದೂ ಇಲ್ಲದಷ್ಟು ಅಂತ ಹೇಳ್ತು. ನಮ್ಮ ದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ (ಪಿಎಚ್‌ಸಿ) ಹಿಡಿದು ಯಾವ ಹಂತದಲ್ಲಿ ಯಾವ ಟೆಸ್ಟ್ ಇರ್ಬೇಕು ಅಂತ 2019ರಲ್ಲೇ ಪಟ್ಟಿ ಆಗಿದೆ. ಪಟ್ಟಿ ನಡೆಸೋಕೆ ಜನ ಬೇಕಲ್ವಾ? ಎಲೈಸಾ ಕಲಿತು ಕೈ ಕುದುರೋ ಹೊತ್ತಿಗೆ ಕಾಂಟ್ರಾಕ್ಟ್ ಮುಗಿದು ಹುಡುಗ ಹುಡುಗೀರು ಮೈಸೂರು ಬೆಂಗಳೂರು ಅಂತ ಹೋಗ್ತಾರೆ, ಹೊಸಬರಿಗೆ ಮತ್ತೆ ಟೆಸ್ಟ್ ಸರಿಯಾಗಿ ನಡೀತಿದೆಯಾ ಅಂತ ನೋಡೋ ಕಂಟ್ರೋಲ್ ಹಾಕೋದರಿಂದ ಹೇಳ್ಕೊಡ್ಬೇಕು. ಖಾಯಂ ಪೋಸ್ಟ್, ಯುಪಿಎಸ್, ಸ್ಯಾಂಪಲ್ ಗಾಡಿ, ತಪ್ಪದೇ ಬರೋ ಕಿಟ್, ನಾನು ಕೇಳೋದು ಇಷ್ಟೇ.

ಈ ಮಳೆಗಾಲ ನೀವು ಆಸ್ಪತ್ರೆಗೆ ಹೋದ್ರೆ ಜ್ವರ ಬಂದ ದಿನ ಮತ್ತೆ ತಗೊಂಡಿರೋ ಮಾತ್ರೆ ಹೆಸರು, ಎರಡನ್ನೂ ಕೇಳ್ದೇ ಇದ್ರೂ ಹೇಳಿ ದಯವಿಟ್ಟು.